ಅಳಿವೆ ದಾಟುವ ತನಕ

ಸ್ನೇಹಿತರೇ, ಇವತ್ತು ಮಧ್ಯಾಹ್ನ ನಾಲ್ಕು ವರ್ಷದ ಮಗಳೊಂದಿಗೆ ಮಸ್ಕತ್ ತಲುಪಿದೆ. ಅವಳ ಅಪ್ಪ ಇಲ್ಲಿ ಕೆಲಸದಲ್ಲಿದ್ದಾರೆ. ನಮ್ಮಿಬ್ಬರಿಗೂ ಇದು ಮೊದಲ ವಿಮಾನ ಪ್ರಯಾಣ.

ಸಮುದ್ರದ ಮೇಲೆ ಹೋಗುತ್ತಿದ್ದಾಗ ವಿಮಾನ ಜೋರಾಗಿ ಕುಲುಕಿತು. ಮಗು ಹೆದರೀತು ಎಂದು ಅವಳ ಕೈ ಹಿಡಿದುಕೊಂಡೆ.

"ಅಮ್ಮಾ, ಕೈ ನೋಯ್ತದೆ. ಬಿಡು," ಎಂದಳು.

"ಹೆದರಬೇಡ ಪುಟ್ಟಿ."

"ನಾನೆಂತಕ್ಕೆ ಹೆದರೂದು? ಅಳಿವೆ ದಾಟೂ ತನಕ ಹೀಂಗೇ. ಆಮೇಲೆ ಎಂತ ಇಲ್ಲ. ನೀನು ಸುಮ್ನೆ ಕೂತ್ಕೊ."

ಇದು ಅವಳ ಅಜ್ಜನ ಮಾತು. ಹೊನ್ನಾವರದಲ್ಲಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಅಲೆಗಳು ದೋಣಿಯನ್ನು ಎತ್ತಿ ಹಾಕುವಾಗೆಲ್ಲ ಅವರು ಮೊಮ್ಮಗಳಿಗೆ ಹೇಳುವುದು ಇಷ್ಟೇ.

ಪಕ್ಕದ ಸೀಟಿನಲ್ಲಿ ಒಬ್ಬ ವಿದೇಶಿ ಅಜ್ಜಿ ಎರಡೂ ಕೈಗಳಿಂದ ಸೀಟನ್ನು ಬಿಗಿಯಾಗಿ ಹಿಡಿದು ಕೂತಿದ್ದರು. "ಮಗು ಏನೆಂದಿತು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅನುವಾದಿಸಿದೆ. ಅಳಿವೆಗೆ ತಕ್ಕ ಪದ ಹೊಳೆಯದೆ ಇಡೀ ಒಂದು ವಾಕ್ಯವೇ ಬೇಕಾಯಿತು. ಅದನ್ನು ಹುಡುಕಿ ಮುಗಿಸುವಷ್ಟರಲ್ಲಿ ನನ್ನ ಎದೆಬಡಿತ ಇಳಿದಿತ್ತು. ಅಜ್ಜಿ ನಕ್ಕು ಒಂದು ಕೈ ಸಡಿಲಿಸಿದರು.

ಸ್ವಲ್ಪ ಹೊತ್ತಿಗೆ ವಿಮಾನ ಮತ್ತೆ ಕುಲುಕಿತು. ಅಜ್ಜಿ ನನ್ನನ್ನು ಬಿಟ್ಟು ನೇರವಾಗಿ ಮಗಳ ಕಡೆ ನೋಡಿದರು. ಅವಳು ನನ್ನ ತೋಳಿಗೆ ಒರಗಿ ನಿದ್ದೆಹೋಗಿದ್ದಳು. ಬೇರೆ ದಾರಿ ಕಾಣದೆ, ಜೀವನವಿಡೀ ದೋಣಿ ನಡೆಸಿದವಳಂತೆ ನಾನೇ ಹೇಳಿದೆ: "ಇನ್ನೂ ಅಳಿವೆ ದಾಟಿಲ್ಲ, ಅಷ್ಟೇ."

ಅವರು ನಂಬಿದರು. ಮೂಲ ಲೇಖಕಿ ನಿದ್ದೆಯಲ್ಲಿದ್ದಾಗ ಅನುವಾದಕಿಗೆ ಕೊಂಚ ಸ್ವಾತಂತ್ರ್ಯವಿರುತ್ತದೆ.