ಮಾವನ ಪಥ್ಯ ಬಿಡಿಸಿದ್ದು

ಮೊದಲು ಬಾತದ್ದು ಪಾದ. ಸ್ನಾನ ಮಾಡಿ ಬಂದ ನನ್ನ ಮಾವನವರು ಕಟ್ಟೆಯ ಮೇಲೆ ಕೂತು ಹೆಬ್ಬೆರಳಿನಿಂದ ಕಣಕಾಲು ಒತ್ತಿದರು. ಕುಳಿ ಬಿತ್ತು. ಬೆರಳು ತೆಗೆದರೂ ಅದು ತುಂಬಿಕೊಳ್ಳಲಿಲ್ಲ.

"ಏನವ್ವಾ ಇದು?" ಎಂದರು.

ಎರಡು ತಿಂಗಳ ಹಿಂದೆ ಅವರಿಗೆ ರಕ್ತಭೇದಿ ಹತ್ತಿತ್ತು. ಯುದ್ಧದ ದಿನಗಳು, ಔಷಧಕ್ಕೂ ತತ್ವಾರ. ಕಿನ್ನಾಳದಿಂದ ಕೊಪ್ಪಳಕ್ಕೆ ಗಾಡಿ ಕಟ್ಟಿಕೊಂಡು ಹೋಗಿ ಒಬ್ಬ ಡಾಕ್ಟರಿಗೆ ತೋರಿಸಿದ್ದೆವು. ಅವರು ಹೈದರಾಬಾದಿನ ಕಡೆಯವರು. ಮಿಕ್ಸ್ಚರ್ ಕೊಟ್ಟು, "ಪಥ್ಯ ಮಾಡ್ರಿ" ಎಂದಿದ್ದರು. ಭೇದಿ ನಿಂತಿತ್ತು. ಈಗ ಈ ಬಾವು.

ಮತ್ತೆ ಗಾಡಿ. ಡಾಕ್ಟರು ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ ನೋಡಿದರು. ಕಿಡ್ನಿ ಸರಿ, ಹಾರ್ಟ್ ಸರಿ. "ಮೈಯಾಗ ಪ್ರೋಟೀನ್ ಇಲ್ಲ. ದಿನಾ ಎರಡು ತತ್ತಿ, ಮಾಂಸದ ಸಾರು ಕೊಡ್ರಿ. ಇಲ್ಲಂದ್ರ ಮುಶ್ಕಿಲ್ ಐತಿ."

ಲಿಂಗಪೂಜೆಯಾಗದೆ ನೀರೂ ಮುಟ್ಟದ ಮನುಷ್ಯನಿಗೆ!

ಮಾವ ಅಲ್ಲೇ ನಕ್ಕರು. "ನಮ್ಮಪ್ಪ ರೊಟ್ಟಿ, ಬ್ಯಾಳಿ ಉಂಡು ತೊಂಬತ್ತು ದಾಟಿದಾಂವ. ನನಗೀಗ ಎಪ್ಪತ್ತು. ಇನ್ನಿಪ್ಪತ್ತು ವರ್ಷದ ಆಸೇಕ ಕೋಳಿ ತಿನ್ನಲೇನ್ರಿ?"

ನಗಲು ಅವರಿಗೇನು! ವಾರದೊಳಗೆ ಬಾವು ಮೊಣಕಾಲಿಗೇರಿತು. ತಾಯಿಯಿಲ್ಲದ ನನ್ನನ್ನು ಮಗಳಂತೆ ನೋಡಿಕೊಂಡವರು. ಅವರು ಸಾಯುವುದನ್ನು ನೋಡುತ್ತ ಕೂಡಲು ನನ್ನಿಂದಾಗಲಿಲ್ಲ. ಪಕ್ಕದ ಮನೆಯ ಅಮೀನಾಬಿಯ ಹತ್ತಿರ ಒಂದು ತತ್ತಿ ಕೇಳಿ ತಂದೆ. "ಬಿಸಿ ಗಂಜಿಯಾಗ ಕಡದು ಜೀರಿಗಿ ಹಾಕವ್ವಾ, ಗೊತ್ತಾಗೂದಿಲ್ಲ" ಎಂದಳು, ನನ್ನ ಮುಖ ನೋಡದೆ.

ಹಾಗೇ ಕಡೆದು, ಬಟ್ಟಲು ಹಿಡಿದು ಹೋದೆ. ಮಾವ ಬಟ್ಟಲೊಳಗೆ ಇಣುಕಿಯೂ ನೋಡಲಿಲ್ಲ. "ನೀ ಕೊಟ್ಟಿ ಅಂದ್ರ ಪ್ರಸಾದ ಇದ್ದಂಗ, ತಾ" ಎಂದು ಕೈಚಾಚಿದರು.

ಬಟ್ಟಲು ಹಿಂದಕ್ಕೆಳೆದುಕೊಂಡೆ.

"ಇದರಾಗ ತತ್ತಿ ಐತ್ರಿ" ಎಂದು ಅತ್ತುಬಿಟ್ಟೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮರುದಿನ ನಮ್ಮ ಯಜಮಾನರಿಗೆ ಗಾಡಿ ಹೂಡಲು ಹೇಳಿ ಡಾಕ್ಟರ ಮುಂದೆ ಹೋಗಿ ನಿಂತೆ. ಸಿಟ್ಟು ನೆತ್ತಿಗೇರಿತ್ತು. "ತತ್ತಿ ಬಿಟ್ಟು ಬ್ಯಾರೆ ಏನೂ ಇಲ್ಲೇನ್ರಿ ನಿಮ್ಮ ಓದಿನಾಗ?"

ಅವರು ಕನ್ನಡಕ ತೆಗೆದು, "ಈಗ ಏನು ಉಣ್ತಾರ?" ಎಂದು ಮೊದಲ ಸಲ ಕೇಳಿದರು.

"ಅನ್ನದ ಗಂಜಿ, ಉಪ್ಪು."

"ಬ್ಯಾಳಿ? ಹಾಲು?"

"ಪಥ್ಯದಾಗ ಹೆಂಗ ಕೊಡೂದ್ರಿ? ನೀವು ಪಥ್ಯ ಬಿಡಿಸೇ ಇಲ್ಲಲ್ಲ!"

ನಮ್ಮಲ್ಲಿ ಪಥ್ಯ ಹಚ್ಚಿದವರೇ ಬಾಯಿಬಿಟ್ಟು ಹೇಳಿ ಬಿಡಿಸಬೇಕು. ಊರ ವೈದ್ಯರಿಗೆ ಅದು ಗೊತ್ತು. ಈ ಮನುಷ್ಯನಿಗೆ ಗೊತ್ತಿರಲಿಲ್ಲ. ಅವರ ಅಪ್ಪಣೆಗೆ ಕಾಯುತ್ತ ಎರಡು ತಿಂಗಳು ನಾನೇ ಕೈಯಾರೆ ಮಾವನನ್ನು ಸೊರಗಿಸಿದ್ದೆ.

ಡಾಕ್ಟರು ಹಣೆ ಹಿಡಿದುಕೊಂಡರು. "ಯಾ ಅಲ್ಲಾ! ನಾ ಹೇಳಿದ್ದು ನಾಕು ದಿನಕ್ಕ. ಹೆಸರು, ಮಡಿಕಿ ಕಾಳು, ಹಾಲು, ಮೊಸರು, ಎಲ್ಲಾ ಕೊಡ್ರಿ. ಸ್ವಲ್ಪ ಸ್ವಲ್ಪ."

"ಹಂಗಾರ ಪಥ್ಯ ಬಿಟ್ಟಿತು ಅಂತ ಹೇಳ್ರಿ."

ಹೇಳಿದರು. ಆಮೇಲೇ ಎದ್ದು ಬಂದೆ.

ಬಾವು ಪೂರ್ತಿ ಇಳಿಯಲು ಬಹಳ ದಿನ ಹಿಡಿಯಿತು. ಈಗಲೂ ದಿನಾ ಅವರ ಕಣಕಾಲು ಒತ್ತಿ ನೋಡುತ್ತೇನೆ. ಕಾಳು ಹೆಚ್ಚೋ ಮಾಂಸ ಹೆಚ್ಚೋ ನನಗೆ ತಿಳಿಯದು. ಅಮೀನಾಬಿಯ ಅತ್ತೆ ಕೋಳಿ ತಿಂದೇ ಎಂಬತ್ತರಲ್ಲೂ ಸೂಜಿಗೆ ದಾರ ಪೋಣಿಸುತ್ತಾಳೆ.

ಆದರೆ ನನಗೆ ಜೀವ ಮರಳಿದ್ದು ಪಥ್ಯ ಬಿಡಿಸಿಕೊಂಡು ಬಂದ ದಿನವೇ ಸಂಜೆ. ಹೆಸರುಬೇಳೆ ಬೇಯಿಸಿ, ಅದರ ಕಟ್ಟು ಬಸಿದು, ಉಪ್ಪು ಹಾಕಿ ಒಯ್ದೆ. "ಬರೇ ಬ್ಯಾಳಿ ಕಟ್ಟು ಐತ್ರಿ, ನೋಡ್ರಿ" ಎಂದು ಬಟ್ಟಲನ್ನು ಅವರ ಕಣ್ಣ ಮುಂದೆ ಹಿಡಿದೆ.

ಮಾವ ನೋಡದೆಯೇ ಬಾಯಿಗಿಟ್ಟರು. "ನೋಡೂದೇನೈತಿ? ಇದ್ದಿದ್ರ ನೀ ಹೇಳ್ತಿದ್ದಿ."