ಚಿವುಟಿದರೆ ಸುಳ್ಳು

ಬೀದಿಯವರೆಲ್ಲ ಅವನನ್ನು ಥೂ ಟೈಲರ್ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಕರೆದರೆ ಪ್ಯಾಂಟಿನ ಒಂದು ಕಾಲು ಗಿಡ್ಡವಾದೀತೆಂಬ ಭಯ. ಗಿರಾಕಿ ತಂದ ಬಟ್ಟೆಯ ಮಡಿಕೆ ಬಿಡಿಸಿ ತೋರಿಸುವಷ್ಟರಲ್ಲಿ, "ಥೂ, ಇದನ್ನೂ ಬಟ್ಟೆ ಅಂತಾರಾ?" ಎನ್ನುವುದೇ ಅವನ ಅಂಗಡಿಯ ಸ್ವಾಗತ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಅಂತಾರಲ್ಲ, ಹಾಗೆ ಇವನಿಗೆ ಎಲ್ಲದರಲ್ಲೂ ಒಂದು ಕಲ್ಲು ಸಿಕ್ಕೇ ಸಿಗುತ್ತಿತ್ತು. ಹೆಣ್ಣು ನೋಡಲು ಹೋದಾಗಲೂ ಹುಡುಗಿಯ ಅಪ್ಪನ ಕಾಲರ್ ನೋಡಿ "ಥೂ, ಯಾರು ಹೊಲಿದಿದ್ದು?" ಎಂದನಂತೆ. ಹೊಲಿದಿದ್ದು ಹುಡುಗಿಯೇ. ಮದುವೆಯ ಮಾತು ಅಲ್ಲಿಗೆ ಮುಗಿಯಿತು.

ಅವನು ಥೂ ಎನ್ನದೆ ಬಿಟ್ಟಿದ್ದು ಒಬ್ಬಳನ್ನು ಮಾತ್ರ, ಅಕ್ಕನನ್ನು.

ಅಕ್ಕನಿಗೆ ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಕಣ್ಣನ್ನೂ ತೆಗೆದುಕೊಂಡು ಹೋಗಿತ್ತು. ಆಗ ಇವನಿನ್ನೂ ಚಡ್ಡಿ ಜಾರಿಸಿಕೊಂಡು ಓಡಾಡುವ ವಯಸ್ಸು. "ಇನ್ನು ಇವಳ ಕಣ್ಣು ನೀನೇ ಕಣೋ. ಕಂಡದ್ದನ್ನ ಕಂಡ ಹಾಗೆ ಹೇಳು" ಎಂದಿದ್ದಳು ಅಮ್ಮ. ಇವನು ಹೇಳುತ್ತಿದ್ದ, ಹೇಳಲಾಗದ ಕಡೆ ಚಿವುಟುತ್ತಿದ್ದ. ನೆಂಟರು ಬಂದು "ಎಂಥಾ ಲಕ್ಷಣವಾದ ಹುಡುಗಿ, ನಮ್ಮನೇಲೇ ಇಟ್ಕೊಂಡು ಸಾಕ್ತೀವಿ" ಎಂದು ಬಾಯಲ್ಲಿ ಬೆಣ್ಣೆ ಸವರುತ್ತಾ ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುವಾಗ, ಇವನು ಮೆಲ್ಲಗೆ ಅವಳ ಕೈ ಚಿವುಟುತ್ತಿದ್ದ. ಚಿವುಟಿದರೆ ಸುಳ್ಳು, ಒತ್ತಿದರೆ ನಿಜ. ಅವರಿಬ್ಬರಿಗೆ ಬಿಟ್ಟರೆ ಈ ಲೆಕ್ಕ ಅಮ್ಮನಿಗೂ ಗೊತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅಂಗಡಿ ಮುಂದೆ, ಮನೆ ಹಿಂದೆ, ಇವರಿಬ್ಬರು ನಡುವೆ. ಇವನು ಮಿಷನ್ ತುಳಿಯುತ್ತಿದ್ದ, ಅವಳು ಬೆರಳಲ್ಲೇ ನೋಡಿ ಗುಂಡಿ ಹಾಕುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಮಾತ್ರ ಮಿಷನ್ನಿಗೆ ಬಟ್ಟೆ ಹೊದಿಸಿ ಇಬ್ಬರೂ ಬೀದಿ ಕೊನೆಯ ಟಾಕೀಸಿಗೆ ಮ್ಯಾಟಿನಿಗೆ ಹೋಗುತ್ತಿದ್ದರು. ಹಿಂದಿನ ಸಾಲು, ಗೋಡೆ ಪಕ್ಕದ ಎರಡು ಸೀಟು. ಪರದೆಯ ಮೇಲಿನ ಮಾತು ಅವಳಿಗೆ ಕೇಳುತ್ತಿತ್ತು, ಉಳಿದದ್ದನ್ನು ಇವನು ಅವಳ ಕಿವಿಯಲ್ಲಿ ತುಂಬುತ್ತಿದ್ದ.

"ಹೀರೋ ಬಂದ. ಮೊದಲು ಹೊಟ್ಟೆ ಬಂತು, ಆಮೇಲೆ ಅವನು ಬಂದ."

"ಹೀರೋಯಿನ್ ಅಳ್ತಿದ್ದಾಳೆ. ಕಣ್ಣೀರಿಲ್ಲ, ಮೂಗು ಮಾತ್ರ ಕೆಂಪಗಿದೆ."

"ವಿಲನ್ ಸತ್ತ. ಇಲ್ಲ, ತಾಳು, ಇನ್ನೂ ಒಂದು ಡೈಲಾಗ್ ಬಾಕಿ ಇದೆಯಂತೆ."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಮುಂದಿನ ಸಾಲಿನವರು ಸುಮ್ಮನಿರಿ ಎನ್ನುವ ಬದಲು ಹಿಂದಕ್ಕೆ ವಾಲಿ ಕೂರುತ್ತಿದ್ದರು, ಸಿನಿಮಾಕ್ಕಿಂತ ಇವನ ಬೈಗುಳ ಚೆನ್ನಾಗಿರುತ್ತಿತ್ತು. ವಾರವಿಡೀ ಊರನ್ನೆಲ್ಲ ಬೈಯುವವನು ಆ ಮಧ್ಯಾಹ್ನ ಒಬ್ಬಳಿಗಾಗಿ ಬೈಯುತ್ತಿದ್ದ. ಅವನ ಬದುಕಿನಲ್ಲಿ ಸುಖ ಅಂತ ಇದ್ದದ್ದು ಅದೊಂದೇ.

ಆಮೇಲೆ ಟಾಕೀಸಿಗೆ ಹೊಸ ಮ್ಯಾನೇಜರ್ ಬಂದ. ಒಳ್ಳೆಯ ಕಥೆ ತರಿಸಲು ಕೈಲಾಗದವನು ಕುರ್ಚಿ ಅಲ್ಲಾಡಿಸಲು ಹೊರಟ. ಬಹಳ ದಿನ ಬಾಗಿಲು ಹಾಕಿಸಿ, ಗೋಡೆಗೆಲ್ಲ ಸ್ಪೀಕರ್ ಬಡಿಸಿದ. ಸೂರಿಗೂ ಬಡಿಸಿದ. ಮುಂದಿನ ಸೀಟಿನ ಬೆನ್ನಿನಿಂದ ಮುಖಕ್ಕೆ ನೀರು ಚಿಮ್ಮುವ ಕೊಳವೆ, ಕಿವಿಯ ಬಳಿ ಗಾಳಿ ಉಗುಳುವ ತೂತು, ಪರದೆಯಲ್ಲಿ ಹೂ ಬಂದರೆ ಹೂವಿನ ವಾಸನೆ, ಹೊಗೆ ಬಂದರೆ ಹೊಗೆಯ ವಾಸನೆ. ಪರದೆಯ ಮೇಲೆ ಒದೆ ಬಿದ್ದರೆ ದುಡ್ಡು ಕೊಟ್ಟು ಬಂದವನ ಬೆನ್ನಿಗೂ ಗುದ್ದು. "ಸಿನಿಮಾ ನೋಡಬೇಡಿ, ಅನುಭವಿಸಿ" ಎಂದು ಬಾಗಿಲಲ್ಲಿ ದೊಡ್ಡ ಬೋರ್ಡು.

"ಅನುಭವಿಸಿ ಅಂತೆ. ಮಾಡಿದ್ದುಣ್ಣೋ ಮಹರಾಯ ಅಂತ ಬರೆದಿದ್ರೆ ಸರಿ ಇತ್ತು" ಎಂದ ಟೈಲರ್. "ದುಡ್ಡು ಕೊಟ್ಟು ಒದೆ ತಿನ್ನೋಕೆ ಜನ ಸಾಲು ನಿಂತಿದ್ದಾರೆ ನೋಡು. ಥೂ!"

ಅಕ್ಕ ಗುಂಡಿಗೆ ದಾರ ಸುತ್ತುತ್ತಾ, "ಹೋಗೋಣ ಕಣೋ. ಶಬ್ದ, ವಾಸನೆ, ಗಾಳಿ... ನನ್ನಂಥವಳಿಗೇ ಮಾಡಿಸಿದ ಹಾಗಿದೆಯಲ್ಲ" ಎಂದಳು.

ಅವಳ ಮಾತನ್ನು ತೆಗೆದುಹಾಕಲು ಅವನಿಗೆ ಬಾಯಿ ಬರಲಿಲ್ಲ. ಹೋದರು.

ದೀಪ ಆರಿತು. ಕುದುರೆಯೊಂದು ಬಲಗಿವಿಯ ಹಿಂದಿನಿಂದ ಬಂದು ತಲೆಯ ಮೇಲೆ ಹಾದು ಎಡಕ್ಕೆ ಹೋಯಿತು. ಅಕ್ಕ ಕತ್ತು ತಿರುಗಿಸಿ ಅದರ ಜೊತೆಗೇ ಹೋದಳು. ಇವನು ಎಂದಿನಂತೆ ಬಾಗಿ, "ಕುದುರೆಗಿಂತ ಮೇಲೆ ಕೂತವನೇ ಹೆಚ್ಚು ಏದುಸಿರು ಬಿಡ್ತಿದ್ದಾನೆ" ಎಂದ. ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಲಿಲ್ಲ. ಇನ್ನೊಮ್ಮೆ ಜೋರಾಗಿ ಹೇಳಿದ. ಅಕ್ಕ ಅವನ ಮೊಣಕಾಲು ತಟ್ಟಿ, "ಸ್ವಲ್ಪ ಸುಮ್ನಿರೋ. ಎಲ್ಲಿ ಏನು ಹೋಗ್ತಿದೆ ಅಂತ ನನಗೇ ಗೊತ್ತಾಗ್ತಿದೆ" ಎಂದಳು. ಅವಳ ಮುಖದಲ್ಲಿ ಅವನೆಂದೂ ನೋಡದ ಒಂದು ಖುಷಿ ಇತ್ತು.

ಒಳ್ಳೆಯ ತಮ್ಮನಾಗಿದ್ದರೆ ಆ ಖುಷಿ ನೋಡಿ ಹಿಗ್ಗಬೇಕಿತ್ತು. ಟೈಲರನಿಗೆ ಹೊಟ್ಟೆ ಉರಿಯಿತು. ಇಷ್ಟು ವರ್ಷ ಅವಳಿಗೆ ಕಣ್ಣಾಗಿದ್ದವನ ಜಾಗಕ್ಕೆ ಈ ತೂತು, ಈ ಕೊಳವೆ! ಓಹೋ, ನಾನು ಬೇಡವಾದೆನಾ, ಸರಿ, ಆ ಸ್ಪೀಕರನ್ನೇ ತಮ್ಮ ಅಂತ ಕರ್ಕೋ ಎಂದು ಮನಸ್ಸಿನಲ್ಲೇ ಬೈದು, ಕೈಕಟ್ಟಿ, ಬಾಯಿಗೆ ಬೀಗ ಹಾಕಿ ಕೂತ. ಮುಖಕ್ಕೆ ನೀರು ಚಿಮ್ಮಿತು. ಒರೆಸಿಕೊಳ್ಳಲಿಲ್ಲ.

ಇಂಟರ್ವಲ್ ಆದ ಮೇಲೆ ಪರದೆಯಲ್ಲಿ ಒಂದು ಮನೆಗೆ ಬೆಂಕಿ ಬಿತ್ತು. ಚಟಪಟ ಸದ್ದು ನಾಲ್ಕೂ ಕಡೆಯಿಂದ ಬಂತು, ಬಿಸಿಗಾಳಿ ಕೆನ್ನೆಗೆ ಬಡಿಯಿತು, ಸುಟ್ಟ ವಾಸನೆ ಮೂಗಿಗೆ ಹತ್ತಿತು. ಬೆನ್ನ ಹಿಂದೆ, ಗೋಡೆ ಇದ್ದ ಜಾಗದಿಂದ, ಹೆಂಗಸರು ಮಕ್ಕಳು ಕಿರುಚಿದರು. ಅಕ್ಕ ಗಟ್ಟಿಯಾಗಿ ಕೂತಳು. ಆಮೇಲೆ ಅವಳ ಕೈ ಮೆಲ್ಲಗೆ ಇವನ ಕಡೆ ಬಂದು, ಕುರ್ಚಿಯ ತೋಳಿನ ಮೇಲೆ ನಿಂತಿತು. ನೆಂಟರ ನಡುವೆ ಕೂತಾಗ ಚಾಚುತ್ತಿದ್ದ ಹಾಗೆಯೇ.

ಅವನು ಆ ಕೈಯನ್ನು ನೋಡಿದ. ಈಗ ಬೇಕಾಯಿತಾ ನಾನು ಎಂದುಕೊಂಡು ಮುಖ ಆಚೆ ತಿರುಗಿಸಿದ.

"ಬೆಂಕಿ!" ಎಂದು ಅಕ್ಕ ಎದ್ದಳು. ತಮ್ಮನ ಅಂಗಿಯ ಕಾಲರಿಗೆ ಕೈ ಹಾಕಿ, "ಏಳೋ! ಏಳೋ ನನ್ನಪ್ಪಾ, ಬೆಂಕಿ ಬಿದ್ದಿದೆ!" ಎಂದು ಕಿರುಚುತ್ತಾ ಎಳೆದಳು. ಚಾಚಿದ ಕೈಗೆ ಅವನು ಉತ್ತರ ಕೊಡದಿದ್ದುದಕ್ಕೆ ಅವಳಿಗೆ ಹೊಳೆದ ಅರ್ಥ ಒಂದೇ, ಹೊಗೆಗೆ ಪ್ರಜ್ಞೆ ತಪ್ಪಿದ್ದಾನೆ. ಅವನು ಈಗ ಕೂಗಿ ಹೇಳಿದ್ದು ಆ ಗದ್ದಲದಲ್ಲಿ ಅವಳಿಗೆ ಕೇಳಲೇ ಇಲ್ಲ. ಮೆಟ್ಟಿಲಲ್ಲಿ ಎಡವಿ ಬಿದ್ದಳು, ಕಾಲರ್ ಬಿಡಲಿಲ್ಲ. ಅವಳ ಕೂಗಿಗೆ ಮುಂದಿನ ಸಾಲುಗಳೂ ಎದ್ದು ಬಾಗಿಲಿಗೆ ನುಗ್ಗಿದವು.

ಹೊರಗೆ ಬಿಸಿಲಲ್ಲಿ ನಿಂತು, ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ, ಅವಳು ಮೊದಲು ಅವನ ಮುಖವನ್ನೆಲ್ಲ ತಡವಿ ನೋಡಿದಳು. "ನಿನಗೇನೂ ಆಗಲಿಲ್ಲ ತಾನೆ?"

"ಸಿನಿಮಾ ಅಕ್ಕಾ. ಸಿನಿಮಾದಲ್ಲಿ ಬೆಂಕಿ."

ಅವಳ ಕೈ ಅವನ ಕೆನ್ನೆಯ ಮೇಲೆ ಹಾಗೇ ನಿಂತಿತು. "ನಾನು ಕೈ ಚಾಚಿದ್ದೆ."

"ಹೂಂ."

"ನೋಡಿದ್ಯಾ?"

ಸುಳ್ಳು ಹೇಳಬಹುದಿತ್ತು. "ನೋಡಿದೆ" ಎಂದ.

ಅಕ್ಕ ಕೈ ತೆಗೆದಳು. ಮನೆಯವರೆಗೂ ಬೀದಿಯ ಗೋಡೆ ಹಿಡಿದು ನಡೆದಳು, ಅವನ ತೋಳು ಮುಟ್ಟಲಿಲ್ಲ. ಟೈಲರ್ ತನಗೆ ತಾನೇ ಥೂ ಎಂದುಕೊಂಡದ್ದು ಅದೇ ಮೊದಲು.

ಮುಂದಿನ ದಿನಗಳಲ್ಲಿ ಅವಳು ಜಗಳವಾಡಿದ್ದರೆ ಚೆನ್ನಾಗಿತ್ತು. ಆಡಲಿಲ್ಲ. ಊಟ ಬಡಿಸುತ್ತಿದ್ದಳು, ಗುಂಡಿ ಹಾಕುತ್ತಿದ್ದಳು, ಕತ್ತರಿ ಕೇಳಿದರೆ ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಿದ್ದಳು. ಶುಕ್ರವಾರ ಬಂತು. ಮಿಷನ್ನಿಗೆ ಬಟ್ಟೆ ಹೊದಿಸಲು ಎದ್ದವನು ಅವಳು ಕದಲದ್ದನ್ನು ನೋಡಿ ಮತ್ತೆ ಕೂತ. ಯಾರ ಕಾಲರ್ ನೋಡಿದರೂ ಬಾಯಿಂದ ಥೂ ಹೊರಡದಾಯಿತು. ಟೈಲರನಿಗೆ ಏನೋ ಕಾಯಿಲೆ ಇರಬೇಕೆಂದು ಗಿರಾಕಿಗಳು ಮಾತಾಡಿಕೊಂಡರು.

ಅಂಥ ಒಂದು ಮಧ್ಯಾಹ್ನ ಮ್ಯಾನೇಜರೇ ಅಂಗಡಿಗೆ ಬಂದ. ಬೈಯಲು ಬಂದನೆಂದುಕೊಂಡು ಟೈಲರ್ ಎದ್ದು ನಿಂತ. ಮ್ಯಾನೇಜರ್ ಹಲ್ಲು ಕಿರಿದು, ಸ್ಟೂಲು ಎಳೆದು ಅಕ್ಕನ ಎದುರು ಕೂತ.

"ಅಮ್ಮಾ, ಕಾಲು ಹೇಗಿದೆ? ಬೆಂಕಿ ಅಂತ ಕೂಗೋ ಹೆಂಗಸು ಯಾವ ಶೋಗೆ ಬರ್ತಾಳೆ ಅಂತ ಜನ ಬಂದು ಕೇಳ್ತಿದ್ದಾರೆ. ಅದೂ ನಮ್ಮ ಹೊಸ ವ್ಯವಸ್ಥೆಯಲ್ಲೇ ಸೇರಿದೆ ಅಂದ್ಕೊಂಡಿದ್ದಾರೆ! ಅಷ್ಟು ಖರ್ಚು ಮಾಡಿದ ಸ್ಪೀಕರಿಗೂ ಜನ ಹಾಗೆ ಎದ್ದು ಓಡಿರಲಿಲ್ಲ."

ಅಕ್ಕ ಸೂಜಿ ಕೆಳಗಿಟ್ಟಳು.

"ಅದಕ್ಕೇ ನಿಮಗೆ ವರ್ಷವಿಡೀ ಪಾಸು. ಇಬ್ಬರಿಗೂ. ದಿನಾ ಮ್ಯಾಟಿನಿಗೆ ಬನ್ನಿ, ಆ ಸೀನಲ್ಲಿ ಒಂದು ಸಲ ಕೂಗಿ, ಅಷ್ಟೇ. ದುಡ್ಡಿನಾಸೆಗೆ ಹೇಳ್ತಿಲ್ಲಮ್ಮ. ನಿಮ್ಮಂಥವರ ಮೇಲೆ ನನಗೆ ತುಂಬಾ ಗೌರವ. ನಿಮ್ಮನ್ನ ನೋಡಿದ್ರೆ ನನ್ನ ತಾಯೀನೇ ನೋಡಿದ ಹಾಗಾಗುತ್ತೆ."

ಹೇಳುತ್ತಲೇ ಅವನು ಕಳ್ಳಗಣ್ಣಿನಲ್ಲಿ ಗಡಿಯಾರ ನೋಡಿಕೊಂಡ. ಟೈಲರನಿಗೆ ಉಕ್ಕಿ ಬಂದ ಬೈಗುಳಕ್ಕೆ ಲೆಕ್ಕವಿರಲಿಲ್ಲ. ಒಂದನ್ನೂ ಬಾಯಿಗೆ ತರಲಿಲ್ಲ. ಮೇಜು ಬಳಸಿ ಬಂದು, ಅಕ್ಕನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಕೈ ಹಿಡಿದ. ಅವಳು ಎಳೆದುಕೊಳ್ಳಲು ಹೋದಳು. ಬಿಡದೆ ಚಿವುಟಿದ, ಚಡ್ಡಿ ಹಾಕುತ್ತಿದ್ದಾಗ ಚಿವುಟುತ್ತಿದ್ದಷ್ಟೇ ಮೆಲ್ಲಗೆ.

ಅಕ್ಕನ ತುಟಿ ಅದುರಿತು. ಮೊದಲು ಅಳುವಿನ ಹಾಗೆ ಕಂಡಿತು, ಆಮೇಲೆ ನಗು ಹೊರಗೆ ಬಂತು.

"ಹೋಗಿ ಬನ್ನಿ ಸ್ವಾಮಿ" ಎಂದಳು. "ನಾನು ಕೂಗಿದ್ದು ನನ್ನ ತಮ್ಮ ಸುಟ್ಟು ಹೋಗ್ತಾನೆ ಅಂತ. ಅದನ್ನ ದಿನಾ ಮಾಡೋಕೆ ಬರಲ್ಲ."

ಮ್ಯಾನೇಜರ್ ಇನ್ನೊಂದಷ್ಟು ಸಲ ತಾಯಿ, ತಾಯಿ ಎಂದು ನೋಡಿ, ಎದ್ದ. ಅವನು ಹೊಸಿಲು ದಾಟುವಾಗ ಟೈಲರ್ ಅವನ ಕೋಟಿನ ಬೆನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ದಿನಗಳ ಮೇಲೆ, ಮನಸ್ಸು ತುಂಬಿ "ಥೂ!" ಎಂದ.

ಅಕ್ಕನ ಕೈ ಇನ್ನೂ ಅವನ ಕೈಯಲ್ಲೇ ಇತ್ತು.

"ಆ ಸಿನಿಮಾ ಕೊನೆಗೆ ಏನಾಯ್ತೋ?" ಎಂದಳು ಅಕ್ಕ.

ಕೊನೆಯನ್ನು ಅವನೂ ನೋಡಿರಲಿಲ್ಲ, ಅವಳೇ ಕಾಲರ್ ಹಿಡಿದು ಹೊರಗೆ ಎಳೆದಿದ್ದಳಲ್ಲ. ಆದರೂ ಗಂಟಲು ಸರಿಮಾಡಿಕೊಂಡ. "ಏನಾಗುತ್ತೆ? ಮನೆಯೆಲ್ಲ ಉರಿದು ಬೂದಿಯಾಯ್ತು. ಹೀರೋನ ಇಸ್ತ್ರಿ ಮಾತ್ರ ಕೆಡಲಿಲ್ಲ. ಬೆಂಕಿಯೊಳಗಿಂದ ತನ್ನ ತಾಯೀನ ಎತ್ಕೊಂಡು ಬಂದ, ಅವಳಿಗೂ ಏನೂ ಆಗಿರಲಿಲ್ಲ, ಎಲ್ಲರೂ ಸುಖವಾಗಿ..."

ಅಕ್ಕ ಅವನ ಕೈ ಚಿವುಟಿದಳು.

"ಹೂಂ," ಎಂದಳು, "ಮುಂದೆ ಹೇಳು."