ಪದಕ್ಕೊಂದು ಕಾರ್ಡು

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಮೇಷ್ಟರಾಗಿದ್ದ ನಾವು ಮೂವರು ಗೆಳೆಯರು ಎಪ್ಪತ್ತರ ದಶಕದಲ್ಲಿ ನಮ್ಮ ಸೀಮೆಯ ಮಾತಿನ ಪದಕೋಶ ಬರೆಯಲು ಹೊರಟೆವು. ಯಾವುದರಲ್ಲಿ ಬರೆಯುವುದು ಎಂಬುದೇ ಮೊದಲ ಜಗಳ. ಸಾಗರದವನಾದ ನಾನು ದಪ್ಪ ನೋಟ್‌ಬುಕ್ಕು ಎಂದೆ. ತೀರ್ಥಹಳ್ಳಿಯವನು ಬಿಡಿ ಹಾಳೆ ಎಂದ.

"ನೋಟ್‌ಬುಕ್ಕು ಒಬ್ರ ಮನೇಲೇ ಕೂತ್ಬಿಡ್ತದೆ. ಹಾಳೆ ಕಳ್ದು ಹೋಗ್ತದೆ. ಪೋಸ್ಟ್ ಕಾರ್ಡೇ ಸರಿ ಮಾರಾಯ್ರಾ," ಎಂದ ಹೊಸನಗರದವನು.

ಅವನೇ ಗೆದ್ದ. ಒಂದು ಕಾರ್ಡಿಗೆ ಒಂದೇ ಪದ. ಕಾರ್ಡು ತಲುಪಿದವನು ಕೆಳಗಿನ ಖಾಲಿ ಜಾಗದಲ್ಲಿ ತನ್ನೂರಿನ ಬಳಕೆ ಸೇರಿಸಿ ಪೆಟ್ಟಿಗೆಯಲ್ಲಿಡಬೇಕು. ವರ್ಷಗಟ್ಟಲೆ ಹಾಗೇ ನಡೆಯಿತು.

ಒಂದು ಮಧ್ಯಾಹ್ನ ಹೊಸನಗರದ ಕಾರ್ಡು ಬಂತು. ಮೇಲೆ ಅವನ ಕೈಬರಹದಲ್ಲಿ ಒಂದು ಪದ. ಕೆಳಗೆ, ನಮಗಾಗಿ ಬಿಟ್ಟ ಜಾಗದಲ್ಲಿ, ಅವನ ಮಗನ ಕೈಬರಹ: ಅಪ್ಪ ತೀರಿಕೊಂಡರು. ಪಾಪ, ಕೈಗೆ ಸಿಕ್ಕಿದ ಕಾರ್ಡಿನಲ್ಲೇ ಬರೆದಿದ್ದ.

ಜಗಲಿಯಲ್ಲೇ ನಿಂತು ಹೆಂಡತಿಗೆ ಓದಿ ಹೇಳಿದೆ. "ಸಾವಿನ ಕಾರ್ಡು ಒಳಗೆ ತರ್ಬೇಡಿ. ಅಲ್ಲೇ ಹರ್ದು ಹಾಕಿ," ಎಂದಳು. ಎಲ್ಲರೂ ಮಾಡುವುದು ಅದನ್ನೇ. ಹರಿದೆ. ಅಳು ಬರಲಿಲ್ಲ. ಕೈಕಾಲು ತೊಳೆದು, ಅರ್ಧಕ್ಕೆ ಬಿಟ್ಟಿದ್ದ ಊಟ ಮುಗಿಸಿದೆ.

ಕೋಶ ಅಚ್ಚಿಗೆ ಹೋಗುವ ಮುನ್ನ ತೀರ್ಥಹಳ್ಳಿಯವನು ತನ್ನ ಪೆಟ್ಟಿಗೆ ಹೊತ್ತು ತಂದ. "ಅವ ಕೊನೆಗೆ ಬರೆದ ಪದ ನಿನ್ ಹತ್ರ ಇದ್ಯನಾ?" ಎಂದು ಕೇಳಿದ.

"ಅದ್ರಲ್ಲೇ ಸಾವಿನ ಸುದ್ದಿ ಇತ್ತು. ಹರ್ದು ಹಾಕ್ದೆ. ಯಾವ ಪದ ಅಂತ ನೆನಪಿಲ್ಲ."

ಅವನು ಪೆಟ್ಟಿಗೆಯ ಮುಚ್ಚಳ ಹಾಕಿದ.

"ನಂಗೂ ಅಂಥದ್ದೇ ಒಂದು ಬಂದಿತ್ತು," ಎಂದ. "ನಾನೂ ಹರ್ದೆ."